ಐದು ಪೈಸೆಯ ಅಂಚೆಚೀಟಿ

ಎಂಟನೇ ತರಗತಿಯ ನನ್ನ ಮೊಮ್ಮಗಳಿಗೆ ಶಾಲೆಯಲ್ಲಿ ಅಂಚೆಚೀಟಿಗಳ ಪ್ರಾಜೆಕ್ಟ್ ಕೊಟ್ಟಿದ್ದರು. ಹತ್ತು ಚೀಟಿ ಅಂಟಿಸಬೇಕು, ಪ್ರತಿಯೊಂದರ ಕೆಳಗೆ ನಾಲ್ಕು ಸಾಲು ಬರೆಯಬೇಕು. ನಂಜನಗೂಡಿನ ನಮ್ಮ ಮನೆಯ ಅಟ್ಟದ ಮೇಲೆ ಅವ್ವನ ಕಾಲದ ಒಂದು ಟ್ರಂಕಿದೆ. ಅದನ್ನು ಕೆಳಗಿಳಿಸಿ, ದೂಳು ಒರೆಸಿ, ಕಾಗದದ ಕಟ್ಟು ಬಿಚ್ಚಿದೆವು. ತಿರುಮಕೂಡಲು ನರಸೀಪುರಕ್ಕೆ ಮದುವೆಯಾಗಿ ಹೋಗಿದ್ದ ನನ್ನ ಅಕ್ಕ ಬರೆದ ಕಾಗದಗಳು. ಒಂದು ಲಕೋಟೆಯ ಮೇಲೆ ಮಾಮೂಲಿ ಚೀಟಿಯ ಪಕ್ಕದಲ್ಲಿ ಕೆಂಬಣ್ಣದ ಇನ್ನೊಂದು ಸಣ್ಣ ಚೀಟಿ. ಬೆಲೆ ಐದು ಪೈಸೆ. ಕುಟುಂಬ ಯೋಜನೆಯ ಚಿತ್ರ, ಅದರ ಮೇಲೆ ಕಪ್ಪು ಅಕ್ಷರದಲ್ಲಿ ಏನೋ ಒತ್ತಿದ್ದಾರೆ.

ಅವಳು ಕನ್ನಡಕದ ಹತ್ತಿರ ಹಿಡಿದು ಓದಿದಳು. ‘ರೆಫ್ಯೂಜಿ ರಿಲೀಫ್ ಅಂತಿದೆ ತಾತ. ಫ್ಯಾಮಿಲಿ ಪ್ಲಾನಿಂಗ್ ಚೀಟಿ ಮೇಲೆ ಯಾಕೆ ಬರ್ದಿದಾರೆ?’

‘ಅವಸರ ಕಣವ್ವ. ಹೊಸ ಚೀಟಿ ಅಚ್ಚು ಹಾಕೋಕೆ ಟೈಮಿರಲಿಲ್ಲ’ ಅಂದೆ. ಅಷ್ಟಕ್ಕೆ ಬಿಡುವ ಹುಡುಗಿಯಲ್ಲ ಅವಳು. ಆ ಸಂಜೆ ಅವಳಿಗೆ ಹೇಳಿದ್ದನ್ನೂ ಹೇಳದೆ ಉಳಿಸಿಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನನ್ನ ವಯಸ್ಸಿನ ಅಜ್ಜ ಅಜ್ಜಿಯರಿಗೆ ಆ ಚೀಟಿ ನೆನಪಿರಬಹುದು. ಮಕ್ಕಳು ನೋಡಿರಲಾರರು.

1971ನೇ ಇಸವಿ. ನಾನು ಆಗ ಬಿ.ಕಾಂ. ಓದುತ್ತಿದ್ದೆ. ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಬರುವುದು. ನಮ್ಮ ರಾಜ್ಯಕ್ಕೆ ಇನ್ನೂ ಕರ್ನಾಟಕ ಎಂಬ ಹೆಸರು ಬಂದಿರಲಿಲ್ಲ. ಆಗ ಪಾಕಿಸ್ತಾನ ಎರಡು ತುಂಡಾಗಿತ್ತು, ಪಶ್ಚಿಮದಲ್ಲೊಂದು, ಪೂರ್ವದಲ್ಲೊಂದು. ನಡುವೆ ಸುಮಾರು 1,600 ಕಿಲೋಮೀಟರ್ ನಮ್ಮ ದೇಶ. ಪೂರ್ವದ ಜನರ ಮಾತು ಬಂಗಾಳಿ, ಅಧಿಕಾರವೆಲ್ಲ ಪಶ್ಚಿಮದವರ ಕೈಲಿ. 1970ರ ಡಿಸೆಂಬರಿನಲ್ಲಿ ಚುನಾವಣೆ ನಡೆದು, ಶೇಖ್ ಮುಜೀಬುರ್ ರೆಹಮಾನರ ಪಕ್ಷ 300 ಸ್ಥಾನಗಳಲ್ಲಿ 160 ಗೆದ್ದಿತು. ಗೆದ್ದವರಿಗೆ ಕುರ್ಚಿ ಬಿಟ್ಟುಕೊಡಬೇಕಾದ ಸೇನಾಧಿಕಾರಿಗಳು 1971ರ ಮಾರ್ಚ್ 25ರ ರಾತ್ರಿ ಢಾಕಾ ನಗರದೊಳಕ್ಕೆ ಟ್ಯಾಂಕ್ ನುಗ್ಗಿಸಿದರು. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಮಲಗಿದ್ದ ಹುಡುಗರನ್ನು, ಮನೆಯಲ್ಲಿದ್ದ ಮೇಷ್ಟರುಗಳನ್ನು ಗುಂಡಿಟ್ಟು ಕೊಂದರು. ನಮ್ಮೂರಿನಲ್ಲಿ ಅವು ದೊಡ್ಡ ಜಾತ್ರೆಯ ತಯಾರಿಯ ದಿನಗಳು. ರಥಬೀದಿಯಲ್ಲಿ ತೇರುಗಳಿಗೆ ಬೊಂಬು ಕಟ್ಟುತ್ತಿದ್ದರು.

ಅಲ್ಲಿಂದ ಒಂಬತ್ತು ತಿಂಗಳು ಆ ಕೊಲೆ ನಿಲ್ಲಲಿಲ್ಲ. ಮೊದಮೊದಲು ವಿದ್ಯಾರ್ಥಿಗಳು, ಮುಜೀಬರ ಪಕ್ಷದವರು; ಜೊತೆಗೆ, ಹಿಂದೂಗಳು ಎಂಬ ಕಾರಣಕ್ಕೇ ಊರೂರುಗಳು. ಸತ್ತವರು 30 ಲಕ್ಷ ಎಂದು ಬಾಂಗ್ಲಾದೇಶ ಹೇಳುತ್ತದೆ. ಬೇರೆ ಸಂಶೋಧಕರು ಅದಕ್ಕಿಂತ ಬಹಳ ಕಡಿಮೆ, ಕೆಲವು ಲಕ್ಷ ಎನ್ನುತ್ತಾರೆ. ಲೆಕ್ಕ ಬರೆದೇ ಬದುಕು ಕಳೆದವನು ನಾನು. ತಾಳೆಯಾಗದ ಲೆಕ್ಕ ಕಂಡರೆ ನಿದ್ದೆ ಬರುತ್ತಿರಲಿಲ್ಲ. ಈ ಲೆಕ್ಕ 50 ವರ್ಷ ಕಳೆದರೂ ತಾಳೆಯಾಗಿಲ್ಲ. ಗಡಿ ದಾಟಿ ನಮ್ಮ ದೇಶಕ್ಕೆ ಬಂದವರ ಲೆಕ್ಕವಾದರೂ ಇದೆ: ಒಂದು ಕೋಟಿಗೆ ಹತ್ತಿರ. ನಮ್ಮ ಇಡೀ ಮೈಸೂರು ರಾಜ್ಯದ ಜನಸಂಖ್ಯೆ ಆಗ 2 ಕೋಟಿ 93 ಲಕ್ಷ. ಮೂರರಲ್ಲಿ ಒಂದು ಪಾಲು ಜನ ಉಟ್ಟ ಬಟ್ಟೆಯಲ್ಲಿ ಪಕ್ಕದ ಮನೆಗೆ ಬಂದು ನಿಂತಂತೆ. ಮಳೆಗಾಲ, ಕಾಲರಾ, ಊಟಕ್ಕೆ ಸಾಲು.

ಅವರಿಗೆ ಅನ್ನ ಹಾಕುವ ಖರ್ಚಿಗೆ ಸರ್ಕಾರ 1971ರ ನವೆಂಬರ್ 15ರಿಂದ ಕಾಗದಗಳಿಗೆ ಐದು ಪೈಸೆಯ ಹೆಚ್ಚಿನ ಚೀಟಿ ಹಚ್ಚಬೇಕೆಂದು ಕಾನೂನು ಮಾಡಿತು. ರೈಲು ಟಿಕೆಟ್ಟಿನ ಮೇಲೂ ತೆರಿಗೆ ಬಿತ್ತು. ಕುಟುಂಬ ಯೋಜನೆಯ ಚೀಟಿಯ ಮೇಲೆ ಅಕ್ಷರ ಒತ್ತಿದ್ದು ಆ ಅವಸರದಲ್ಲಿ. ಡಿಸೆಂಬರಿನಲ್ಲಿ ನಿರಾಶ್ರಿತರ ಚಿತ್ರವಿದ್ದ ಹೊಸ ಚೀಟಿಯೇ ಬಂತು. 1973ರ ಮಾರ್ಚ್ ಕೊನೆಯವರೆಗೂ ಈ ತೆರಿಗೆ ನಡೆಯಿತು. ಅಪ್ಪ ಗೊಣಗಿದ್ದು ನೆನಪಿದೆ. ‘ನರಸೀಪುರಕ್ಕೆ ಕಾಗದ ಹಾಕೋಕೆ ಬಂಗಾಳದವರಿಗೆ ಯಾಕೆ ಕೊಡಬೇಕು?’ ಇಲ್ಲಿ ನಮ್ಮ ಕಪಿಲೆ ಪುಕ್ಕಟೆಯಾಗಿ ನರಸೀಪುರಕ್ಕೆ ಹೋಗಿ ಕಾವೇರಿಯನ್ನು ಸೇರುತ್ತಾಳೆ, ಕಾಗದಕ್ಕೆ ಮಾತ್ರ ಎರಡು ಚೀಟಿ ಎಂದು ಅವರ ತಮಾಷೆ.

ಅವ್ವ ಬೇರೆ ಥರದವಳು. ಕಾಲೇಜಿನಲ್ಲಿ ನಿರಾಶ್ರಿತರಿಗೆ ಹಳೆ ಬಟ್ಟೆ ಕೂಡಿಸುತ್ತಿದ್ದರು. ನನ್ನದೊಂದು ಅಂಗಿ, ಮೂರು ಗುಂಡಿ ಕಿತ್ತುಹೋದದ್ದು, ಚೀಲಕ್ಕೆ ತುರುಕಿದ್ದೆ. ಅವ್ವ ನೋಡಿ ಈಚೆಗೆ ತೆಗೆದಳು. ‘ಗುಂಡಿ ಇಲ್ಲದ ಅಂಗಿ ಕೊಡ್ತೀಯೇನೋ? ಹಾಕ್ಕೊಳ್ಳೋನು ಗಂಡಸಲ್ಲವಾ?’ ಎಂದು ಅಪ್ಪನ ಅಂಗಿಯಿಂದ ಗುಂಡಿ ಬಿಚ್ಚಿ ಹೊಲಿದು, ಇಸ್ತ್ರಿ ಮಾಡಿಸಿ ಕಳಿಸಿದಳು.

ಮೊಮ್ಮಗಳು ಕೇಳಿದಳು, ‘ಯಾರೂ ನಿಲ್ಲಿಸಲಿಲ್ವಾ ತಾತ? ಯು.ಎನ್. ಇರಲಿಲ್ವಾ?’

ಇತ್ತು. ಕಾನೂನೂ ಇತ್ತು. ಒಂದು ಜನಾಂಗವನ್ನೇ ಇಲ್ಲವಾಗಿಸುವ ಕೊಲೆಗೆ ‘ಜೆನೊಸೈಡ್’ ಎಂದು ಹೆಸರಿಟ್ಟವರು ರಫೇಲ್ ಲೆಮ್ಕಿನ್ ಎಂಬ ಪೋಲೆಂಡಿನ ಯಹೂದಿ ವಕೀಲರು, 1944ರಲ್ಲಿ. ಹಿಟ್ಲರನ ಕಾಲದಲ್ಲಿ ಅವರ ಬಂಧುಬಳಗವೇ ಅಳಿದುಹೋಗಿತ್ತು. ನಾವು ಜನಾಂಗಹತ್ಯೆ ಎನ್ನುತ್ತೇವೆ. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಇದರ ವಿರುದ್ಧ ಒಪ್ಪಂದ ಮಾಡಿತು. ನಡೆಯುವಾಗಲೇ ತಡೆಯಬೇಕು ಎಂದು ಅದರಲ್ಲಿ ಬರೆದಿದೆ. ಆದರೂ ಭದ್ರತಾ ಮಂಡಳಿ ಇದಕ್ಕಾಗಿ ಸಭೆ ಸೇರಿದ್ದು ಡಿಸೆಂಬರ್ 4ರಂದು, ಭಾರತಕ್ಕೂ ಪಾಕಿಸ್ತಾನಕ್ಕೂ ಯುದ್ಧ ಹತ್ತಿಕೊಂಡ ಮರುದಿನ. ಅಲ್ಲಿಯವರೆಗೆ ಎಂಟು ತಿಂಗಳು ಅದು ‘ಪಾಕಿಸ್ತಾನದ ಒಳಗಿನ ವಿಷಯ’ವಾಗಿತ್ತು.

ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಢಾಕಾದಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದ ಆರ್ಚರ್ ಬ್ಲಡ್ ಎಂಬುವರ ಕಚೇರಿಯಿಂದ ಏಪ್ರಿಲ್ 6ರಂದೇ ಒಂದು ತಂತಿ ಹೋಯಿತು. ತಮ್ಮದೇ ಸರ್ಕಾರ ಬಾಯಿ ಮುಚ್ಚಿ ಕುಳಿತಿರುವುದು ತಪ್ಪು ಎಂದು 20 ಮಂದಿ ಅಮೆರಿಕನ್ ನೌಕರರು ಸಹಿ ಹಾಕಿದ್ದರು. ಬ್ಲಡ್ ಅದನ್ನು ಒಪ್ಪಿ ತಮ್ಮ ಮಾತನ್ನೂ ಸೇರಿಸಿ ಕಳಿಸಿದರು. ಫಲ? ಅವರನ್ನೇ ಢಾಕಾದಿಂದ ಎತ್ತಂಗಡಿ ಮಾಡಿದರು. ಅಧ್ಯಕ್ಷ ನಿಕ್ಸನ್ನರಿಗೆ ಆಗ ಚೀನಾದ ಸ್ನೇಹ ಬೇಕಿತ್ತು, ಆ ಬಾಗಿಲಿಗೆ ಪಾಕಿಸ್ತಾನವೇ ಕಾವಲುಗಾರ. ಮೇಲಿನವರಿಗೆ ಬೇಡದ ವರದಿ ಬರೆದವನಿಗೆ ವರ್ಗಾವಣೆ ಬರುವುದು ಏನೆಂದು ನೌಕರಿ ಮಾಡಿದವರಿಗೆಲ್ಲ ಗೊತ್ತು. ಗೊತ್ತಿದ್ದೂ ಬರೆದರಲ್ಲ, ಅದು ದೊಡ್ಡದು.

ಇನ್ನೊಬ್ಬರ ಕಥೆಯನ್ನು ಮಕ್ಕಳು ಕೇಳಲೇಬೇಕು. ಆಂಟನಿ ಮಸ್ಕರೇನಸ್. ಹುಟ್ಟಿದ್ದು 1928ರಲ್ಲಿ, ನಮ್ಮ ಬೆಳಗಾವಿಯಲ್ಲಿ. ಗೋವಾ ಮೂಲದ ಕ್ರೈಸ್ತ ಕುಟುಂಬ, ಬೆಳೆದದ್ದು ಕರಾಚಿಯಲ್ಲಿ. ಅಲ್ಲಿಯೇ ಪತ್ರಕರ್ತರಾಗಿದ್ದರು. ಏಪ್ರಿಲಿನಲ್ಲಿ ಪಾಕಿಸ್ತಾನದ ಸೇನೆ ಎಂಟು ಪತ್ರಕರ್ತರನ್ನು ಪೂರ್ವಕ್ಕೆ ಕರೆದೊಯ್ದು ಹತ್ತು ದಿನ ಸುತ್ತಾಡಿಸಿತು, ಎಲ್ಲ ಶಾಂತವಾಗಿದೆ ಎಂದು ಬರೆಯಲಿ ಎಂಬ ಲೆಕ್ಕಾಚಾರದಲ್ಲಿ. ಏಳು ಮಂದಿ ಹಾಗೇ ಬರೆದರು. ಎಂಟನೆಯವರಾದ ಮಸ್ಕರೇನಸ್ ಬರೆಯಲಿಲ್ಲ. ಸೇನಾಧಿಕಾರಿಗಳು ಸಂಜೆ ಕೂತು ಅಂದು ಎಷ್ಟು ಜನರನ್ನು ಕೊಂದೆವೆಂದು ಮಾತಾಡಿಕೊಳ್ಳುವುದನ್ನು ಅವರು ಕಿವಿಯಾರೆ ಕೇಳಿದ್ದರು. ಕಂಡದ್ದನ್ನು ಬರೆಯಲಾಗದಿದ್ದರೆ ಇನ್ನೇನನ್ನೂ ಬರೆಯಲಾರೆ ಎಂದು ಹೆಂಡತಿಗೆ ಹೇಳಿದರಂತೆ.

ಕರಾಚಿಯಲ್ಲಿ ಬರೆದರೆ ಜೈಲು, ಇಲ್ಲವೇ ಗುಂಡು. ತಂಗಿಗೆ ಕಾಯಿಲೆ ಎಂಬ ನೆಪ ಹೇಳಿ ಲಂಡನ್ನಿಗೆ ಹೋಗಿ ‘ಸಂಡೇ ಟೈಮ್ಸ್’ ಸಂಪಾದಕರನ್ನು ಕಂಡರು. ಅವರು ಒಪ್ಪಿದರು. ಆದರೆ ಹೆಂಡತಿ, ಐದು ಮಕ್ಕಳು ಕರಾಚಿಯಲ್ಲಿದ್ದಾರಲ್ಲ? ಒಂದು ಗುಟ್ಟಿನ ತಂತಿ ಕಳಿಸಿದರು: ಆನ್‌ಳ ಆಪರೇಷನ್ ಚೆನ್ನಾಗಿ ಆಯಿತು ಎಂದು. ಹೊರಡಲು ಸಿದ್ಧರಾಗಿ ಎಂಬುದು ಅದರ ಅರ್ಥ. ಅನುಮಾನ ಬರದಿರಲೆಂದು ತಾವೂ ವಾಪಸು ಬಂದು, ಹೆಂಡತಿ ಮಕ್ಕಳನ್ನು ರೋಮಿಗೆ ವಿಮಾನ ಹತ್ತಿಸಿದರು. ವರ್ಷಕ್ಕೆ ಒಂದೇ ವಿದೇಶ ಪ್ರಯಾಣವೆಂಬ ನಿಯಮವಿದ್ದುದರಿಂದ ಅವರು ಮತ್ತೆ ವಿಮಾನ ಹತ್ತುವಂತಿಲ್ಲ. ಪೇಶಾವರದ ಕಡೆಯಿಂದ ಗಡಿ ದಾಟಿ ಅಫ್ಘಾನಿಸ್ತಾನಕ್ಕೆ ನಡೆದುಹೋದರು. ಎಲ್ಲರೂ ಕ್ಷೇಮವೆಂದು ತಿಳಿದ ಮೇಲೆ, 1971ರ ಜೂನ್ 13ರಂದು ಲೇಖನ ಅಚ್ಚಾಯಿತು. ಶೀರ್ಷಿಕೆ ಒಂದೇ ಪದ: ಜೆನೊಸೈಡ್. ಉರ್ದು ಮಾತಾಡುವ ಬಿಹಾರಿಗಳನ್ನು ಬಂಗಾಳಿ ಗುಂಪುಗಳು ಕೊಂದದ್ದನ್ನೂ ಅವರು ಮುಚ್ಚಿಡಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ನಂಬಿಕೆ. ಆ ಲೇಖನ ಓದಿ ತಾವು ಅಲ್ಲಾಡಿಹೋದುದಾಗಿ ಇಂದಿರಾ ಗಾಂಧಿಯವರು ಆಮೇಲೆ ಆ ಸಂಪಾದಕರಿಗೆ ಹೇಳಿದರಂತೆ.

ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು, ಬಾಂಗ್ಲಾದೇಶ ಹುಟ್ಟಿತು. ನಾವು ಪಟಾಕಿ ಹೊಡೆದೆವು. ವಿಚಾರಣೆ ನಡೆಸಬೇಕೆಂದು ಗುರುತಿಸಿದ್ದ 195 ಸೈನಿಕರನ್ನು 1974ರ ದೆಹಲಿ ಒಪ್ಪಂದದಲ್ಲಿ ಬಿಟ್ಟು ಕಳಿಸಿದರು. ಆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ನಮ್ಮ ದೇಶವೂ ಒಂದು.

ಇಷ್ಟೂ ಮೊಮ್ಮಗಳಿಗೆ ಹೇಳಿದೆ. ಇನ್ನು ಹೇಳದೆ ಉಳಿಸಿಕೊಂಡದ್ದು.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ 1986ರಲ್ಲಿ ನನಗೆ ರಾಯಚೂರು ಜಿಲ್ಲೆಯ ಸಿಂಧನೂರಿಗೆ ವರ್ಗವಾಯಿತು. ಆ ತಾಲ್ಲೂಕಿನಲ್ಲಿ ‘ಆರ್.ಎಚ್. ಕ್ಯಾಂಪ್’ ಎಂಬ ಊರುಗಳಿವೆ. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿಗಳಿಗೆ ಸರ್ಕಾರ ಜಮೀನು ಕೊಟ್ಟು ನೆಲೆ ನಿಲ್ಲಿಸಿದ ಜಾಗ. ತುಂಗಭದ್ರಾ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದರು. ಬ್ಯಾಂಕ್ ಖಾತೆಗೆ ನಾಮಿನಿ ಬರೆಸುವ ನಿಯಮ ಬಂದು ಆಗಿನ್ನೂ ಒಂದು ವರ್ಷ. ಎಲ್ಲ ಗಿರಾಕಿಗಳಿಂದ ಫಾರಂ ತುಂಬಿಸುವ ಕೆಲಸ ನನ್ನದು.

ಒಬ್ಬ ವೃದ್ಧರು ಸೈಕಲ್ಲಿನಲ್ಲಿ ಬಂದರು. ನಾಮಿನಿ ಯಾರು ಎಂದೆ. ಒಂದು ಹೆಸರು ಹೇಳಿದರು, ಬರೆದೆ. ಸಂಬಂಧ? ಅಣ್ಣ. ವಿಳಾಸ? ಖುಲ್ನಾ ಜಿಲ್ಲೆ, ಬಾಂಗ್ಲಾದೇಶ. ಪೆನ್ನು ನಿಲ್ಲಿಸಿದೆ. ‘ಕಾಗದ ಬರುತ್ತಾ?’ ಎಂದೆ. ಇಲ್ಲ, 71ರಿಂದ ಬಂದಿಲ್ಲ ಎಂದರು. ಇವರು ಮುಂಚೆಯೇ ಬಂದುಬಿಟ್ಟಿದ್ದರು, ಅಣ್ಣ ಜಮೀನು ಬಿಡಲಾರೆನೆಂದು ಉಳಿದಿದ್ದ. ಆ ವರ್ಷದ ಮೇ ತಿಂಗಳಿನಲ್ಲಿ ಹೆಂಡತಿ ಮಕ್ಕಳ ಜೊತೆ ದೋಣಿ ಹತ್ತಿ, ಇಂಡಿಯಾಕ್ಕೆ ಬರಲು ಚುಕ್‌ನಗರದ ಕಡೆ ಹೊರಟದ್ದನ್ನು ಯಾರೋ ನೋಡಿದ್ದರಂತೆ. ಅಷ್ಟೇ.

ಹಿಂದೆ ಸಾಲು ಬೆಳೆಯುತ್ತಿತ್ತು. ‘ನೋಡಿ ಯಜಮಾನ್ರೇ, ಬದುಕಿರೋರ ಹೆಸರು ಬರೆಸಬೇಕು’ ಅಂದೆ.

‘ಸತ್ತಿದ್ದಾನೆ ಅಂತ ಯಾರು ಬರೆದುಕೊಟ್ಟಿದ್ದಾರೆ ಸಾರ್?’ ಎಂದರು. ಜಗಳದ ದನಿಯಲ್ಲ. ಅವರಿಗೆ ನಿಜವಾಗಿ ಗೊತ್ತಾಗಬೇಕಿತ್ತು.

ನಾನು ಬರೆದ ಹೆಸರಿನ ಮೇಲೆ ಗೆರೆ ಎಳೆದು, ಅವರ ಹೆಂಡತಿಯ ಹೆಸರು ಕೇಳಿ ಬರೆದು, ಸಹಿ ಹಾಕಿಸಿಕೊಂಡು ಮುಂದಿನವರನ್ನು ಕರೆದೆ. ನಿಯಮದ ಪ್ರಕಾರ ನಾನು ಮಾಡಿದ್ದು ತಪ್ಪಲ್ಲ.

ಚುಕ್‌ನಗರ ಎಂದರೇನೆಂದು ನಿವೃತ್ತನಾದ ಮೇಲೆ, ಮಗ ಕೊಡಿಸಿದ ಕಂಪ್ಯೂಟರಿನಲ್ಲಿ ಓದಿ ತಿಳಿದೆ. ಖುಲ್ನಾ ಜಿಲ್ಲೆಯ ಒಂದು ಸಂತೆಯೂರು. ಭಾರತಕ್ಕೆ ದಾಟಲು ಹಳ್ಳಿಹಳ್ಳಿಯಿಂದ ಜನ ಬಂದು ಸೇರುತ್ತಿದ್ದ ಜಾಗ. 1971ರ ಮೇ 20ರಂದು ಸೈನಿಕರು ಅಲ್ಲಿಗೆ ಬಂದು ಕೆಲವೇ ಗಂಟೆಗಳಲ್ಲಿ ಸಾವಿರಾರು ಜನರನ್ನು ಗುಂಡಿಟ್ಟು ಕೊಂದರು. ಹೆಣಗಳನ್ನು ನದಿಗೆ ಹಾಕಿದ್ದರಿಂದ ಎಷ್ಟು, ಯಾರು ಯಾರು ಎಂಬುದಕ್ಕೆ ಪಟ್ಟಿಯಿಲ್ಲ.

ಕೊನೆಗೆ ಇದನ್ನೂ ಮೊಮ್ಮಗಳಿಗೆ ಹೇಳಿದೆ, ಎರಡು ದಿನ ಬಿಟ್ಟು. ಅವಳು ಕೇಳಿದ ಮೊದಲ ಪ್ರಶ್ನೆ: ‘ಆ ಅಣ್ಣನ ಹೆಸರೇನು ತಾತ?’ ನನ್ನ ಕೈಯಲ್ಲೇ ಬರೆದ ಹೆಸರು, ನನ್ನ ಕೈಯಲ್ಲೇ ಹೊಡೆದುಹಾಕಿದ ಹೆಸರು. ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಆ ದಿನ ಕ್ಯಾಷ್ ಕೌಂಟರಿನಲ್ಲಿ ಯಾರಿದ್ದರು ಎಂಬುದು ನೆನಪಿದೆ.

ಚೀಟಿಯ ಕೆಳಗೆ ಅವಳು ನಾಲ್ಕು ಸಾಲು ಬರೆದಳು. ಜಾಗ ಸಾಲದೆ ಹಾಳೆಯ ಹಿಂದಕ್ಕೂ ಹೋಯಿತು. ಇನ್ನೊಂದು ಚೀಟಿ, ನಿರಾಶ್ರಿತರ ಚಿತ್ರದ್ದು, ಬೇಕು ಎಂದಳು. ಅದು ನಮ್ಮ ಟ್ರಂಕಿನಲ್ಲಿ ಸಿಗಲಿಲ್ಲ. ನರಸೀಪುರದ ಅಕ್ಕನಿಗೆ ಫೋನ್ ಮಾಡಿದೆ. ಅವಳಿಗೆ ಎಂಬತ್ತು ದಾಟಿದೆ, ಕಿವಿ ಮಂದ, ಕಣ್ಣು ಚುರುಕು. ನಾನು ಆಗ ಬರೆದ ಕಾಗದಗಳನ್ನು ಹುಡುಕಿಡು ಎಂದು ಕೂಗಿ ಹೇಳಿದೆ.

ಮಾರನೇ ದಿನ ಅವಳೇ ಫೋನ್ ಮಾಡಿದಳು. ‘ಆ ಚೀಟಿ ಇರೋವು ಮೂರು ಕಾಗದ ಸಿಕ್ಕಿವೆ ಕಣೋ. ಎಲ್ಲಾ ಓದಿದೆ. ಒಂದರಲ್ಲೂ ಆ ಜನರ ಸುದ್ದಿ ಒಂದಕ್ಷರ ಇಲ್ಲ. ಓವಲ್‌ನಲ್ಲಿ ಚಂದ್ರಶೇಖರ್ ಆರು ವಿಕೆಟ್ ತೆಗೆದಿದ್ದನ್ನ ಮೂರು ತಿಂಗಳಾದ ಮೇಲೂ ಎರಡು ಪುಟ ಬರ್ದಿದೀಯ.’

ಭಾನುವಾರ ಬೆಳಗಿನ ಬಸ್ಸಿಗೆ ಮೊಮ್ಮಗಳೂ ನಾನೂ ನರಸೀಪುರಕ್ಕೆ ಹೊರಟಿದ್ದೇವೆ. ಕಾಗದಗಳನ್ನು ತಾನೇ ಓದುತ್ತೇನೆ ಎಂದಿದ್ದಾಳೆ.