ಬದಕದ ಬದುಕು

ಪುಣೆಗೆ ಐಟಿ ಕೆಲಸಕ್ಕೆ ಬಂದು 11 ವರ್ಷವಾಯಿತು. ಮುಳಶಿ ಕಡೆ ಸ್ನೇಹಿತರೊಬ್ಬರ ಹತ್ತು ಗುಂಟೆ ಜಾಗ, ಅದರಲ್ಲೊಂದು ಪುಟ್ಟ ಮನೆ ಬಾಡಿಗೆಗೆ ಸಿಕ್ಕಾಗ ಹೆಂಡತಿ, ನಾನು ಅಲ್ಲಿಗೇ ಹೋದೆವು. ಧಾರವಾಡದ ನಮ್ಮ ಮನೆಯಲ್ಲಿ ಎಮ್ಮೆ ಕಟ್ಟಿ ಗೊತ್ತಿತ್ತೇ ಹೊರತು ಬಾತುಕೋಳಿ ಗೊತ್ತಿರಲಿಲ್ಲ. ಆದರೂ ಹುಮ್ಮಸ್ಸಿನಲ್ಲಿ 12 ಖಾಕಿ ಕ್ಯಾಂಪ್‌ಬೆಲ್ ಮರಿ ತಂದೆ. ಮರಾಠಿಯಲ್ಲಿ ಬಾತುಕೋಳಿಗೆ ‘ಬದಕ’ ಎನ್ನುತ್ತಾರೆ. ಫೋನಿನಲ್ಲಿ ಅದನ್ನೇ ಹೇಳಿದರೆ ಅವ್ವ, ‘ಬದುಕು ಸಾಗಸೋದ ದೊಡ್ಡದಾಗೇತಿ, ಬದಕ ಯಾಕ ಬೇಕಿತ್ತಪಾ?’ ಅಂದಳು.

ಜುಲೈ ಮಳೆ ಹಿಡಿಯಿತು. ಗಾಣದಿಂದ ತಂದ ಶೇಂಗಾ ಹಿಂಡಿಯ ಚೀಲ ಗೋಡೆಗೆ ಒರಗಿಸಿಟ್ಟಿದ್ದೆ. ಮೂರು ದಿನದಲ್ಲಿ ಐದು ಮರಿ ಸತ್ತವು. ಪಶುವೈದ್ಯರು ಮರಿಗಳಿಗಿಂತ ಮೊದಲು ಚೀಲಕ್ಕೆ ಕೈ ಹಾಕಿ ಮೂಸಿದರು. ಬೂಸ್ಟು. ಅದರಿಂದ ಹುಟ್ಟುವ ಅಫ್ಲಾಟಾಕ್ಸಿನ್ ವಿಷವನ್ನು ಕೋಳಿಗಳು ಒಂದಿಷ್ಟು ತಡೆದುಕೊಂಡಾವು, ಬಾತುಮರಿ ತಡೆಯದು. ಬಿಸಿಲಿಗಿಟ್ಟರೂ ಬೇಯಿಸಿದರೂ ಆ ವಿಷ ಪೂರ್ತಿ ಹೋಗುವುದಿಲ್ಲವಂತೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಸಾವಿರಗಟ್ಟಲೆ ಸತ್ತು, ಕಾರಣ ಹುಡುಕಿದಾಗ ಸಿಕ್ಕಿದ್ದೂ ಶೇಂಗಾ ಹಿಂಡಿಯೇ. ಇದನ್ನೆಲ್ಲ ಓದಿದ್ದು ಐದೂ ಮರಿಗಳನ್ನು ಹುಗಿದ ಮೇಲೆ. ಮರಿ ತರುವ ಮೊದಲು ಓದಬಹುದಿತ್ತು.

ಉಳಿದದ್ದು ಒಂದು ಗಂಡು, ಆರು ಹೆಣ್ಣು. ಅದೃಷ್ಟಕ್ಕೆ ಲೆಕ್ಕ ಸರಿಯಿತ್ತು. ಗಂಡು ಹೆಚ್ಚಾದರೆ ಹೆಣ್ಣುಗಳಿಗೆ ಹಿಂಸೆ.

ಬಾತಿಗೆ ಕೆರೆಯೇ ಬೇಕೆಂದಿಲ್ಲ. ಕೊಕ್ಕು, ಕಣ್ಣು ಮುಳುಗುವಷ್ಟು ಆಳದ ನೀರು ಮಾತ್ರ ಬೇಕೇ ಬೇಕು. ಇಲ್ಲದಿದ್ದರೆ ಮೂಗಿನ ಹೊಳ್ಳೆ ಕಟ್ಟುತ್ತದೆ, ಕಣ್ಣು ಕೆಡುತ್ತವೆ. ಬೆಳಿಗ್ಗೆ ತುಂಬಿಸಿದ ತೊಟ್ಟಿ ಸಂಜೆಗೆ ರಾಡಿ. ಮೊದಮೊದಲು ಅದನ್ನು ಇಳಿಜಾರಿಗೆ ಚೆಲ್ಲುತ್ತಿದ್ದೆ. ಕೆಳಗಿನ ಮನೆಯ ಆಜಿ ಒಂದು ದಿನ ಬಂದು, ಏನೂ ಬೈಯದೆ, ನನ್ನನ್ನು ಕರೆದೊಯ್ದು ತಮ್ಮ ಕುಡಿಯುವ ನೀರಿನ ಬಾವಿ ತೋರಿಸಿದರು. ಬೈದಿದ್ದರೇ ವಾಸಿಯಿತ್ತು. ಈಗ ಆ ನೀರೆಲ್ಲ ಮೇಲಿನ ಬಾಳೆಗಿಡಗಳಿಗೆ. ಬಕೆಟ್ ಹೊರುವ ಕೆಲಸ ನನ್ನದು.

ಮೊಟ್ಟೆ ಸಾಮಾನ್ಯವಾಗಿ ಒಂಬತ್ತರೊಳಗೇ ಇಡುತ್ತವೆ. ಬೇಗ ಹೊರಬಿಟ್ಟರೆ ಪೊದೆಯಲ್ಲಿ ಇಟ್ಟು ಬರುತ್ತವೆ, ಮುಂಗುಸಿಗೆ ಹಬ್ಬ. ಹಾಗಾಗಿ ನನ್ನ ಬೆಳಗಿನ ಮೀಟಿಂಗ್ ಮುಗಿದ ಮೇಲೆಯೇ ಗೂಡಿನ ಬಾಗಿಲು ತೆಗೆಯುವುದು. ಈ ಜಾತಿಗೆ ಕಾವು ಕೂರುವ ವ್ಯವಧಾನ ಕಡಿಮೆ. ಆಜಿಯ ನಾಟಿ ಕೋಳಿಯ ಕೆಳಗೆ ಆರು ಮೊಟ್ಟೆ ಇಟ್ಟಿದ್ದೇವೆ. ಕೋಳಿಮರಿಗೆ 21 ದಿನ, ಇವಕ್ಕೆ 28. ಇವತ್ತಿಗೆ 23.

ಹಿಂಡಿ ಈಗ ವಾರಕ್ಕೆ ಬೇಕಾದಷ್ಟೇ ತರುತ್ತೇನೆ. ಕೊಳ್ಳುವ ಮೊದಲು ಮೂಸುವುದನ್ನು ನೋಡಿ ಅಂಗಡಿಯವನು, ‘ತಿನ್ನೋದು ನೀವೋ, ಬದಕವೋ?’ ಎಂದು ನಗುತ್ತಾನೆ.