ಒಂದು ಮುಖ, ಎರಡು ನುಡಿ: ಬೇಂದ್ರೆಯವರ ಭಾವಚಿತ್ರವನ್ನು ಸೊಲ್ಲಾಪುರದಿಂದ ನೋಡಿದಾಗ

ಗಡಿನಾಡಿನ ಲೇಖಕನ ಭಾವಚಿತ್ರವನ್ನು ಅರ್ಥೈಸುವಾಗ ಒಂದು ತೊಡಕು ಎದುರಾಗುತ್ತದೆ: ಮುಖದಲ್ಲಿ ಭಾಷೆ ಕಾಣುವುದಿಲ್ಲ. ದ. ರಾ. ಬೇಂದ್ರೆಯವರ (1896–1981) ನಿದರ್ಶನದಲ್ಲಿ ಇದು ಸ್ಪಷ್ಟವಾಗುತ್ತದೆ. ಧಾರವಾಡದಲ್ಲಿ ಜನಿಸಿದ ಅವರ ಮನೆಮಾತು ಮರಾಠಿ, ಕಾವ್ಯದ ಮಾತು ಕನ್ನಡ. 1944ರಿಂದ 1956ರವರೆಗೆ ಅವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಮರಾಠಿ, ಕನ್ನಡ, ತೆಲುಗುಗಳು ಕೂಡಿ ಬಾಳುವ ಆ ನಗರಕ್ಕೆ ಮರಾಠಿ ಮನೆಮಾತಿನ ಕವಿ ಕನ್ನಡ ಬೋಧಿಸಲು ಬಂದರು. ಅವರನ್ನು ಅಲ್ಲಿ ಹೊರಗಿನವರೆನ್ನಬೇಕೆ, ಒಳಗಿನವರೆನ್ನಬೇಕೆ? 1956ರ ನವೆಂಬರ್ 1ರಂದು ಧಾರವಾಡವು ಮೈಸೂರು ರಾಜ್ಯಕ್ಕೆ ಸೇರಿತು. ಸೊಲ್ಲಾಪುರವು ಮುಂಬಯಿ ರಾಜ್ಯದಲ್ಲಿ ಉಳಿಯಿತು. ಕವಿಯ ಎರಡು ಊರುಗಳ ನಡುವೆಯೇ ಗಡಿ ಹಾದುಹೋಯಿತು.

ಅಂದಿನ ವಿದ್ಯಾವಂತರ ಧೋತರ, ಕೋಟು, ರುಮಾಲುಗಳು ಎರಡೂ ಊರುಗಳಿಗೆ ಸಮಾನವಾಗಿದ್ದವು. ಆದುದರಿಂದ ಭಾಷಿಕ ಗುರುತನ್ನು ನಿರ್ಧರಿಸುವುದು ಉಡುಗೆಯಲ್ಲ, ಚಿತ್ರದ ಅಡಿಬರಹ. ‘ಕನ್ನಡದ ವರಕವಿ’ ಎಂಬುದು ಸತ್ಯವೇ. ಆದರೆ ಮರಾಠಿಯ ‘ಸಂವಾದ’ಕ್ಕೆ ಕೇಳ್ಕರ್ ಬಹುಮಾನ ಪಡೆದ ಲೇಖಕ ಆ ಎರಡು ಪದಗಳ ಹೊರಗುಳಿಯುತ್ತಾನೆ.

ಬೇಂದ್ರೆಯವರು ಅಕ್ಷರಗಳಲ್ಲಿ ಬಿಡಿಸಿಕೊಂಡ ಆತ್ಮಚಿತ್ರವೆಂದರೆ ‘ಅಂಬಿಕಾತನಯದತ್ತ’ ಎಂಬ ಕಾವ್ಯನಾಮ. ‘ಬೇಂದ್ರೆ’ ಎಂಬ ಮನೆತನದ ಹೆಸರು ಮರಾಠಿ ಮೂಲವನ್ನು ಸೂಚಿಸಿದರೆ, ಕಾವ್ಯನಾಮವು ತಾಯಿ ಅಂಬಿಕೆಯ ಮಗನೆಂದಷ್ಟೇ ಹೇಳುತ್ತದೆ. ಅದರಲ್ಲಿರುವ ‘ದತ್ತ’ನಿಗೂ ಈ ಸೀಮೆಯಲ್ಲಿ ಗಡಿಯಿಲ್ಲ. ಕಲಬುರಗಿ ಜಿಲ್ಲೆಯ ಗಾಣಗಾಪುರ ದತ್ತಕ್ಷೇತ್ರ; 1878ರಲ್ಲಿ ಸಮಾಧಿಸ್ಥರಾದ ಅಕ್ಕಲಕೋಟೆಯ ಸ್ವಾಮಿ ಸಮರ್ಥರನ್ನು ಭಕ್ತರು ದತ್ತಾವತಾರವೆಂದೇ ನಂಬುತ್ತಾರೆ. ಗಾಣಗಾಪುರದ ಗುರುವಿನ ಚರಿತ್ರೆಯಾದ ‘ಗುರುಚರಿತ್ರೆ’ಯನ್ನು ಮರಾಠಿಯಲ್ಲಿ ರಚಿಸಿದ ಸರಸ್ವತಿ ಗಂಗಾಧರರ ತಾಯ್ನುಡಿ ಕನ್ನಡವೆಂದು ಪರಂಪರೆ ಹೇಳುತ್ತದೆ. ಅವರು ಬೇಂದ್ರೆಯವರ ಕನ್ನಡಿಬಿಂಬದಂತಿದ್ದಾರೆ.

ಸೊಲ್ಲಾಪುರದಲ್ಲಿಯೇ 1912ರಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರು ಓದಿದ್ದು ಮರಾಠಿ ಶಾಲೆಯಲ್ಲಿ. ಅವರು ಸಿದ್ಧರಾಮನನ್ನು ಕುರಿತು ಕನ್ನಡದಲ್ಲಿ ಮಹಾಕಾವ್ಯ ರಚಿಸಿ, 1974ರ ಮಂಡ್ಯ ಸಮ್ಮೇಳನದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದರು. ಅವರ ಚಿತ್ರದ ಕೆಳಗೆ ಈ ಅಧ್ಯಕ್ಷತೆಯನ್ನಷ್ಟೇ ಬರೆದರೆ, ಮರಾಠಿ ಅಕ್ಷರಾಭ್ಯಾಸದಿಂದ ಕನ್ನಡದತ್ತ ಅವರು ನಡೆದ ದಾರಿ ಅಳಿಸಿಹೋಗುತ್ತದೆ.

ಗೋಡೆಯ ಮೇಲಿನ ಭಾವಚಿತ್ರವು ಶಾಲೆಯ ಮಗುವಿಗೆ ದೊರೆಯುವ ಮೊದಲ ಸಾಹಿತ್ಯಚರಿತ್ರೆ. ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಯ ಮಗು ಮನೆಯಲ್ಲೊಂದು, ಸರಕಾರಿ ಕಚೇರಿಯಲ್ಲಿ ಇನ್ನೊಂದು ನುಡಿಯನ್ನು ಕೇಳುತ್ತ ಬೆಳೆಯುತ್ತದೆ. ಒಂದೇ ನುಡಿಯನ್ನು ಹೆಸರಿಸುವ ಅಡಿಬರಹವು ಅಂತಹ ಮಗುವಿನ ಅರ್ಧ ಬದುಕನ್ನು ಕೊರತೆಯಾಗಿ ತೋರಿಸುತ್ತದೆ. ಚಿತ್ರದ ಕೆಳಗೆ ಎರಡೂ ನುಡಿಗಳ ಕೃತಿಗಳನ್ನು ನಮೂದಿಸಿದರೆ ಕನ್ನಡದ ಹಕ್ಕು ಕುಗ್ಗುವುದಿಲ್ಲ. ಮರಾಠಿ ಮನೆಯವನೊಬ್ಬನನ್ನು ತನ್ನ ಕವಿಯಾಗಿಸಿಕೊಂಡ ಕನ್ನಡದ ಶಕ್ತಿ ಆಗಲೇ ಸರಿಯಾಗಿ ಕಾಣುತ್ತದೆ.