ಆರನೇ ಅಧ್ಯಾಯ ಎರಡು ತಿಂಗಳು ತಡವಾಯಿತು

ಕಾದಂಬರಿ ಅಂದ್ರೆ ಒಬ್ಬರೇ ಬಾಗಿಲು ಹಾಕ್ಕೊಂಡು ಕೂತು ಬರೆಯುವಂಥದ್ದು ಅಂತ ನಾವೂ ನಂಬಿದ್ದೆವು. ತಿಪಟೂರು ಕಡೆ ಮದರಸ ಕೆಲಸಕ್ಕೆ ಬಂದು ಹದಿನಾಲ್ಕು ವರ್ಷವಾದ ಮೇಲೆ, ಐದು ಜನ ಸೇರಿ ಒಂದೇ ಕಾದಂಬರಿಗೆ ಕೈ ಹಾಕಿದೆವು. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರೊಬ್ಬರು, ತುರುವೇಕೆರೆಯ ನಿವೃತ್ತ ಕನ್ನಡ ಮೇಷ್ಟ್ರು, ಚಿಕ್ಕನಾಯಕನಹಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಒಬ್ಬ ಹೆಣ್ಣುಮಗಳು, ಸ್ವಂತ ತೋಟ ಇರುವ ಒಬ್ಬ ವ್ಯಾಪಾರಿ, ಮತ್ತೆ ನಾವು. ಮೇಷ್ಟ್ರಿಗೂ ಲೆಕ್ಕದವರಿಗೂ ಬ್ಯಾರಿ ಬಾರದು. ಹಾಗಾಗಿ ಕನ್ನಡದಲ್ಲೇ ಬರೆಯೋದು, ಕಥೆಯ ಉಮ್ಮ ಮಾತ್ರ ಸಿಟ್ಟು ಬಂದಾಗ ಬ್ಯಾರಿಯಲ್ಲಿ ಬೈಯುವುದು ಅಂತ ತೀರ್ಮಾನವಾಯಿತು. ಘಟ್ಟ ಹತ್ತಿ ಬಂದ ನಮ್ಮವರ ಮನೆಗಳಲ್ಲಿ ಮಕ್ಕಳಿಗೆ ಉಳಿದಿರುವ ಬ್ಯಾರಿಯೂ ಬಹುಪಾಲು ಅಷ್ಟೇ ತಾನೇ.

ಹಲವರು ಸೇರಿ ಒಂದು ಪುಸ್ತಕ ಮಾಡುವುದು ಹೊಸದೇನಲ್ಲ ಅಂತ ಮೊದಲ ದಿನವೇ ಮೇಷ್ಟ್ರು ಹೇಳಿದರು. ‘ಕಾದಂಬರಿ’ ಎಂಬ ಹೆಸರೇ ಬಾಣಭಟ್ಟನ ಸಂಸ್ಕೃತ ಕೃತಿಯಿಂದ ಬಂದದ್ದು. ಅದನ್ನು ಮುಗಿಸುವ ಮೊದಲೇ ಬಾಣ ತೀರಿಕೊಂಡ, ಮಗ ಪೂರ್ತಿ ಮಾಡಿದ. ಅಂದರೆ ಆ ಮೊದಲ ಕಾದಂಬರಿಯೇ ಎರಡು ಕೈಗಳ ಕೆಲಸ. ನಮ್ಮ ಜಿಲ್ಲೆಯದ್ದೇ ಬೇಕಾದರೆ ಶೂನ್ಯಸಂಪಾದನೆ ಇದೆ. ಶರಣರ ವಚನಗಳನ್ನು ಸಂವಾದದಂತೆ ಪೋಣಿಸಿದ ಆ ಗ್ರಂಥವನ್ನು ಒಬ್ಬರಾದ ಮೇಲೊಬ್ಬರು ನಾಲ್ವರು ಕಟ್ಟಿದರು. ಕೊನೆಯವರು ಗೂಳೂರು ಸಿದ್ಧವೀರಣ್ಣೊಡೆಯರು. ಗೂಳೂರು ಇರೋದು ತುಮಕೂರಿನ ಪಕ್ಕದಲ್ಲೇ.

ನಮಗೆ ನೆನಪಾದದ್ದು ದರ್ಸ್‌ನಲ್ಲಿ ಓದಿದ ಜಲಾಲೈನ್ ತಫ್ಸೀರ್. ಜಲಾಲೈನ್ ಅಂದರೇ ಇಬ್ಬರು ಜಲಾಲರು. ಜಲಾಲುದ್ದೀನ್ ಮಹಲ್ಲಿಯವರು ಅಲ್‌ಕಹ್ಫ್‌ನಿಂದ ಕೊನೆಯವರೆಗೆ ಬರೆದು, ಫಾತಿಹಾ ಮುಗಿಸಿ, 1459ರಲ್ಲಿ ವಫಾತಾದರು. ಉಳಿದ ಮೊದಲರ್ಧವನ್ನು, ಅಲ್‌ಬಕರದಿಂದ ಅಲ್‌ಇಸ್ರಾದವರೆಗೆ, ಜಲಾಲುದ್ದೀನ್ ಸುಯೂತಿಯವರು 40 ದಿನಗಳಲ್ಲಿ ಪೂರೈಸಿದರು. ಆಗ ಅವರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಓದುವಾಗ ಎಲ್ಲಿ ಒಬ್ಬರ ಮಾತು ನಿಂತು ಇನ್ನೊಬ್ಬರದು ಶುರುವಾಯಿತು ಅಂತ ನಮಗೆ ಒಮ್ಮೆಯೂ ತಿಳಿಯಲಿಲ್ಲ.

ಆದರೆ ಕಾದಂಬರಿಯ ಕಷ್ಟವೇ ಬೇರೆ. ಇಂಗ್ಲೆಂಡಿನ ಪತ್ತೇದಾರಿ ಲೇಖಕರು 1931ರಲ್ಲಿ ‘ದಿ ಫ್ಲೋಟಿಂಗ್ ಅಡ್ಮಿರಲ್’ ಅಂತ ಒಂದನ್ನು ತಂದರು. ಅಗಾಥಾ ಕ್ರಿಸ್ಟಿ, ಡೊರೊಥಿ ಸೇಯರ್ಸ್ ಎಲ್ಲ ಅದರಲ್ಲಿದ್ದರು. ಒಬ್ಬರು ಒಂದು ಅಧ್ಯಾಯ ಬರೆದು ಮುಂದಿನವರಿಗೆ ದಾಟಿಸುವುದು. ಹಿಂದಿನವರು ಹಾಕಿದ ಗಂಟನ್ನು ಮರೆಯುವಂತಿಲ್ಲ. ಕೊಲೆ ಮಾಡಿದ್ದು ಯಾರು ಅಂತ ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿ ಒಂದು ಉತ್ತರ ಇಟ್ಟುಕೊಂಡೇ ಬರೆಯಬೇಕು. ಹಿಂದಿಯ ‘ಏಕ್ ಇಂಚ್ ಮುಸ್ಕಾನ್’ ಇನ್ನೊಂದು ಬಗೆ. ಗಂಡ ಹೆಂಡತಿಯಾದ ರಾಜೇಂದ್ರ ಯಾದವ್, ಮನ್ನೂ ಭಂಡಾರಿ ಒಂದು ಬಿಟ್ಟು ಒಂದು ಅಧ್ಯಾಯ ಬರೆದರು. ನಾವು ಇಂಗ್ಲಿಷರ ನಿಯಮವನ್ನು ಎರವಲು ತಂದೆವು. ಹಿಂದಿನ ಅಧ್ಯಾಯ ತಿದ್ದುವ ಹಾಗಿಲ್ಲ, ಬೇಕಾದರೆ ಮುಂದಕ್ಕೆ ಬರೆಯಿರಿ.

ಶುರುವಿನಲ್ಲಿ ಬರೀ ನಗು. ಎರಡನೇ ಅಧ್ಯಾಯದಲ್ಲಿ ಮೇಷ್ಟ್ರು ದಫನ್ ಮಾಡಿಸಿದ ಅಜ್ಜ, ನಾಲ್ಕನೇದರಲ್ಲಿ ವ್ಯಾಪಾರಿಯ ಕೈಯಲ್ಲಿ ಎದ್ದು ಕೂತು ಚಹಾ ಕುಡಿದರು. ಆಮೇಲೆ ಲೆಕ್ಕದವರು ಒಂದು ಖಾತೆ ಪುಸ್ತಕ ತೆರೆದರು. ಪಾತ್ರದ ಹೆಸರು, ವಯಸ್ಸು, ಯಾರ ಮಗ, ಬದುಕಿದ್ದಾನೋ ಇಲ್ಲವೋ, ತೋಟ ಎಷ್ಟು ಎಕರೆ. ಹಲವರು ಬರೆಯುವ ಕಾದಂಬರಿಗೆ ಒಳ್ಳೆಯ ಭಾಷೆಗಿಂತ ಮೊದಲು ಇಂಥ ಒಬ್ಬ ಗುಮಾಸ್ತ ಬೇಕು, ಇದು ನಮ್ಮ ಅನುಭವ.

ಐದನೇ ಅಧ್ಯಾಯ ಹೊಲಿಗೆ ಅಂಗಡಿಯ ತಂಗಿಯದ್ದು. ಆಕೆ ಕಥೆಯ ಮನೆಗೆ ತಂಗಿಯೊಬ್ಬಳನ್ನು ಕರೆತಂದರು. ಉಪ್ಪ ಉಮ್ಮ ಇಬ್ಬರೂ ಇಲ್ಲ, ಅಣ್ಣ ಒಬ್ಬನೇ. ಮೂರು ಎಕರೆ ತೆಂಗು. ತಂಗಿ ಅಂಗಳದಲ್ಲಿ ನಿಂತು ತನ್ನ ಪಾಲು ಕೇಳುತ್ತಾಳೆ. ಮದುವೆಗೆ ಕೊಟ್ಟ ಚಿನ್ನದಲ್ಲೇ ಎಲ್ಲ ಮುಗಿಯಿತಲ್ಲ ಅಂತಾನೆ ಅಣ್ಣ. ಅಧ್ಯಾಯ ಅಲ್ಲಿಗೆ ನಿಂತಿತು. ಮುಂದಿನ ಸರದಿ ವ್ಯಾಪಾರಿಯವರದ್ದು.

ಎರಡು ತಿಂಗಳು ಅವರಿಂದ ಒಂದು ಸಾಲೂ ಬರಲಿಲ್ಲ. ಕೊಬ್ಬರಿ ಸುಲಿಸ್ತಾ ಇದ್ದೀವಿ ಅಂದರು, ಮನೆಯಲ್ಲಿ ಜ್ವರ ಅಂದರು. ಒಂದು ದಿನ ಇಶಾ ಆದ ಮೇಲೆ ಮದರಸಕ್ಕೇ ಬಂದರು. “ಉಸ್ತಾದರೇ, ಆ ಅಧ್ಯಾಯ ಬದಲಾಯಿಸೋಕೆ ಅವರಿಗೆ ನೀವೊಂದು ಮಾತು ಹೇಳಿ. ನೀವು ಹೇಳಿದ್ರೆ ಕೇಳ್ತಾರೆ.” ನಿಯಮ ಇದೆಯಲ್ಲ ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ತಂಗಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡದ್ದನ್ನು ಹೇಳಿದರು. ಆಕೆ ಏನೂ ಕೇಳಿರಲಿಲ್ಲ. ಚಹಾ ಕುಡಿದು, ಸಹಿ ಹಾಕಿ, ಸಂಜೆ ಬಸ್ಸಿಗೆ ಹೋಗಿದ್ದರು. (ಇದನ್ನು ಬರೆಯಲು ಅವರೇ ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಅಂದಿದ್ದಾರೆ.) “ಲೆಕ್ಕ ಏನು ಉಸ್ತಾದರೇ?” ಅಂದರು. ಇಬ್ಬರೇ ವಾರಸುದಾರರಾದರೆ ಅಣ್ಣನಿಗೆ ಎರಡು, ತಂಗಿಗೆ ಒಂದು. ಮೂರು ಎಕರೆಯಲ್ಲಿ ಒಂದು ಎಕರೆ.

ಹೇಳುವಾಗ ನಮ್ಮ ನಾಲಿಗೆ ಎಂದಿನಂತೆ ಓಡಲಿಲ್ಲ. ಮೀರಾಸಿನ ಪಾಠವನ್ನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಸುತ್ತೇವೆ, ಮಕ್ಕಳು ಭಾಗಾಕಾರ ತಪ್ಪಿದರೆ ಗದರುತ್ತೇವೆ. ನಮ್ಮ ಉಮ್ಮನಿಗೆ ತವರಿನ ಅಡಿಕೆ ತೋಟದಲ್ಲಿ ಎಷ್ಟು ಬಂತು ಅಂತ ಈ ನಲವತ್ತು ಚಿಲ್ಲರೆ ವರ್ಷದಲ್ಲಿ ಒಮ್ಮೆಯೂ ಕೇಳಿದವರಲ್ಲ. ಮಾವಂದಿರ ಮನೆಯಲ್ಲಿ ಹಬ್ಬದ ಊಟ ಚೆನ್ನಾಗಿರುತ್ತಿತ್ತು.

ಹದಿನೈದು ದಿನ ಬಿಟ್ಟು ಆರನೇ ಅಧ್ಯಾಯ ಬಂತು, ಬರೀ ನಾಲ್ಕು ಪುಟ. ಅಣ್ಣ ರಾತ್ರಿ ಅಟ್ಟ ಹತ್ತುತ್ತಾನೆ. ವರ್ಷದ ಹತ್ತಿರ ಒಣಗಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ನೀರು ಬತ್ತಿ ಒಳಗಿನ ಗಿಟಕು ಚಿಪ್ಪು ಬಿಟ್ಟು ಗುಡುಗುಡು ಅಂದರೆ ಕೊಬ್ಬರಿ ಆಗಿದೆ ಅಂತ ಲೆಕ್ಕ. ಎರಡು ಕಾಯಿ ಈ ಕಡೆ, ಒಂದು ಆ ಕಡೆ. ಬೆಳಗಿನ ಬಾಂಗ್ ಆಗುವ ಹೊತ್ತಿಗೆ ಎರಡು ರಾಶಿ. ಕೆಳಗೆ ಹೆಂಡತಿ, ಇಲಿ ಬಂದಿದೆಯೇನೋ ಅಂತ ದೀಪ ಹಾಕುತ್ತಾಳೆ. ಅಷ್ಟೇ.

ನಮ್ಮ ಮಾತಿನಲ್ಲಿ ಹೇಳುವುದಾದರೆ, ಐವರ ಬರವಣಿಗೆಯಲ್ಲಿ ಅತಿ ಚೆನ್ನಾಗಿರುವುದು ಇದೇ. ಮೇಷ್ಟ್ರು ಒಂದು ಅಕ್ಷರ ಮುಟ್ಟಲಿಲ್ಲ. ಹೊಲಿಗೆ ಅಂಗಡಿಯ ತಂಗಿ ಓದಿ ಮುಗಿಸಿ, “ತಂಗಿಗೆ ಬೇಕಾಗಿರೋದು ಕೊಬ್ಬರಿ ಅಲ್ಲ, ಮರ” ಅಂದರು. ಲೆಕ್ಕದವರು ಅದನ್ನೂ ಖಾತೆ ಪುಸ್ತಕದಲ್ಲಿ ಬರೆದುಕೊಂಡರು.

ಕಳೆದ ವಾರ ವ್ಯಾಪಾರಿಯವರು ತೋಟದ ಪಹಣಿ ತೆಗೆಸಿಕೊಂಡು ಬಂದಿದ್ದಾರೆ. ಯಾಕೆ ಅಂತ ನಾವು ಕೇಳಲಿಲ್ಲ. ಏಳನೇ ಅಧ್ಯಾಯ ನಮ್ಮ ಸರದಿ. ಬರೆಯುವ ಮೊದಲು ಊರಿಗೆ ಫೋನ್ ಮಾಡಿ ಉಮ್ಮನ ಹತ್ತಿರ ಒಂದು ವಿಷಯ ಕೇಳಬೇಕಾಗಿದೆ.